ಸಾರಿಸಿದ ಗೋಡೆ

ಹೊಳೆಕುಂದೂರ
17 ಆಗಸ್ಟ್ 2019

ಸುವರ್ಣಾ,

ಕಾಗದದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕೆಂದು ಕನ್ನಡ ಮಾಸ್ತರರು ಕಲಿಸಿದ್ದರು. ಈ ಸಲ ಆ ಸಾಲು ಬಿಟ್ಟಿದ್ದೇನೆ. ನೀನೂ ನಾನೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತ ಶಾಲೆಯಿಂದಲೇ ಬರೆಯುತ್ತಿದ್ದೇನೆ. ಈಗ ಇದರ ಬಾಗಿಲಿಗೆ ‘ಕಾಳಜಿ ಕೇಂದ್ರ’ ಎಂದು ಬ್ಯಾನರು ಕಟ್ಟಿದ್ದಾರೆ. ಬ್ಯಾನರಿನ ಮೇಲೆ ಮಂತ್ರಿಗಳ ಮುಖ ನಮ್ಮ ಮನೆಯ ಕಿಟಕಿಗಿಂತ ದೊಡ್ಡದಿದೆ. ಹೊದೆಯಲು ಕೊಟ್ಟ ಚಾದರ ಮಾತ್ರ ಮನೆಗೊಂದು. ಕೆಳಗಿನ ಓಣಿಯವರೆಲ್ಲ ಇಲ್ಲೇ ಬಿದ್ದುಕೊಂಡಿದ್ದೇವೆ.

ಫೋನು ನೀರಿನಲ್ಲಿ ಹೋಯಿತು. ಇದ್ದಿದ್ದರೂ ಮಾಡುತ್ತಿರಲಿಲ್ಲ. ಫೋನಿನಲ್ಲಿ ನೀನು ‘ಹೂಂ, ಹೂಂ’ ಎನ್ನುತ್ತಾ ತಪ್ಪಿಸಿಕೊಳ್ಳುತ್ತೀಯ. ಕಾಗದಕ್ಕೆ ಹೂಂ ಎಂದು ಬರೆದು ಕಳಿಸಲು ನಿನಗೂ ನಾಚಿಕೆಯಾದೀತು.

ಪಂಚಮಿಗೆ ನೀನು ತವರಿಗೆ ಬಂದಿದ್ದೆ. ಉಂಡಿಯ ಡಬ್ಬಿ ಹಿಡಿದು ನಮ್ಮನೆಗೂ ಬಂದೆ, ಅತ್ತೆಯ ಕೈಯಿಂದ ಶೇಂಗಾ ಚಟ್ನಿ ತಿಂದೆ. ಎರಡು ದಿನ ಕಳೆದಿರಲಿಲ್ಲ, ಮೇಲೆ ಆಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹೊಳೆದಂಡೆಯ ಮೆಣಸಗಿಯ ಕಡೆಗೂ ನುಗ್ಗಿದೆ ಎಂಬ ಸುದ್ದಿ ಬಂತು. ಬೆಳಗಾಗುವಷ್ಟರಲ್ಲಿ ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು. ನಾವು ಗಾದಿ ಮಾಡುವವರು. ನನ್ನ ಗಂಡ ಯಮನೂರಸಾಬ ಅರಳೆಯ ಮೂಟೆಗಳನ್ನು ಅಟ್ಟದ ಮೇಲೆ ಎಸೆಯುತ್ತಿದ್ದ. ಒದ್ದೆಯಾದ ಅರಳೆ ಎತ್ತಲು ಗಂಡಸಿಗೂ ಆಗುವುದಿಲ್ಲ.

ಆಗ ನಿಮ್ಮ ಅಣ್ಣ ಅಂದಾನಪ್ಪನವರ ಟ್ರ್ಯಾಕ್ಟರು ಓಣಿಗೆ ಇಳಿಯಿತು. ನಮಗಾಗಿ ಬಂತೆಂದು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿದೆವು. ಅದು ಓಣಿಯ ಕೊನೆಗಿರುವ ನಿಮ್ಮ ಗೋದಾಮಿನ ಹೆಸರುಕಾಳಿಗೆ ಬಂದದ್ದು. ಚೀಲ ತುಂಬಿದರು. ತಿರುಗುವಾಗ ನಿಮ್ಮ ಮನೆಯ ಮುಂದೆ ನಿಲ್ಲಿಸಿ, ಚೀಲಗಳ ಮೇಲೆ ನಿನ್ನನ್ನೂ ನಿನ್ನ ಮಕ್ಕಳನ್ನೂ ಕೂರಿಸಿದರು. ನಮ್ಮ ಅತ್ತೆ ಮಾಬೂಬಿ ಕೈ ಎತ್ತಿ, “ಏ ಸುವ್ವೀ, ನನ್ನೂ ಹತ್ತಿಸ್ಕೊಳ್ಳ ಯವ್ವಾ” ಎಂದಳು. ನೀನು ನಿಮ್ಮ ಅಣ್ಣನ ಮುಖ ನೋಡಿದೆ. ಅವರು ಹೇಳಿದರು: “ತಡೀ ಮುದುಕಿ, ಇನ್ನೊಂದ್ ಖೇಪ ಬರತೇನಿ. ಹೆಸರ ತೊಯ್ದ್ರ ಬಾತ ಹೊಕ್ಕೈತಿ.”

ಇನ್ನೊಂದು ಖೇಪು ಬರಲಿಲ್ಲ. ಮಧ್ಯಾಹ್ನ ಸರ್ಕಾರದ ಬೋಟು ಬಂತು. ಅದೂ ಮೊದಲು ಹೋದದ್ದು ನಿಮ್ಮ ಮಹಡಿ ಮನೆಗೆ. ಮಹಡಿಯ ಮೇಲೆ ಒಣಗಿದ ಬಟ್ಟೆಯಲ್ಲಿ ನಿಂತವರನ್ನು ಇಳಿಸಿಕೊಂಡು ಹೋಯಿತು. ನಮ್ಮ ಕಡೆ ತಿರುಗಿದಾಗ ಸಂಜೆ. ಅಷ್ಟೊತ್ತಿಗೆ ಅತ್ತೆ ಮಸೀದಿಯ ಕಟ್ಟೆಯ ಮೇಲೆ ನಿಂತಿದ್ದರೂ ನೀರು ಅವಳ ಕುತ್ತಿಗೆ ಮುಟ್ಟಿತ್ತು. ಯಮನೂರಸಾಬ ತಾಯಿಯ ರಟ್ಟೆ ಹಿಡಿದುಕೊಂಡಿದ್ದ.

ಹೆಸರು ತೊಯ್ದರೆ ಬಾತುಹೋಗುತ್ತದೆ, ಸರಿ. ಮಾಬೂಬಿ ತೊಯ್ದರೆ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನೀನಾದರೂ ಕೇಳಬಹುದಿತ್ತು. ಚೀಲದ ಮೇಲೆ ಕೂತು ಏನು ಯೋಚಿಸುತ್ತಿದ್ದೆ? ಅಷ್ಟು ಬರೆ ಸಾಕು.

ಸೈರಾಬಾನು

*

ನರಗುಂದ
28 ಆಗಸ್ಟ್ 2019

ಪ್ರೀತಿಯ ಸೈರಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ನನ್ನ ಸಣ್ಣ ಮಗಳು ನೀರು ನೋಡಿ ಚೀರುತ್ತಿದ್ದಳು. ಅಣ್ಣನ ಎದುರು ನಾನು ಎಂದಾದರೂ ಮಾತಾಡಿದ್ದು ನೋಡಿದ್ದೀಯಾ? ನನ್ನ ಮದುವೆಯ ಮಾತಿನಲ್ಲೇ ನಾನು ಬಾಯಿ ತೆರೆದಿರಲಿಲ್ಲ. ಅವನು ಮತ್ತೆ ಹೋಗುತ್ತಾನೆಂದೇ ತಿಳಿದಿದ್ದೆ. ಎತ್ತರಕ್ಕೆ ಬಂದ ಮೇಲೆ ಟ್ರ್ಯಾಕ್ಟರಿನ ಸೈಲೆನ್ಸರಿಗೆ ನೀರು ಹೊಕ್ಕಿದೆ ಎಂದ. ಹೌದೋ ಅಲ್ಲವೋ, ನಾನು ಕೇಳಲಿಲ್ಲ.

ನಮ್ಮ ಮನೆಯವರು ಕಾಳಿನ ಅಂಗಡಿಯಿಂದ ಹತ್ತು ಊರಿಗೆ ರೊಟ್ಟಿ, ಚಟ್ನಿ ಕಳಿಸಿದರು. ಮಂತ್ರಿಗಳು ನಮ್ಮನೆಗೇ ಬಂದು ಚಹಾ ಕುಡಿದರು, ಯಾರೂ ಹೆದರಬೇಕಿಲ್ಲ ಎಂದರು. ಮನೆ ಹಾನಿಯ ಸರ್ವೆಗೆ ಬರುವ ಸಾಹೇಬರು ನಮ್ಮ ಮನೆಯವರಿಗೆ ಪರಿಚಯದವರು. ಬರುವ ವಾರ ನಿಮ್ಮ ಓಣಿಗೆ ಬರುತ್ತಾರೆ. ನೀನು ಸಿಟ್ಟಿನವಳು, ದಯವಿಟ್ಟು ಜಗಳ ಮಾಡಬೇಡ. ಮನೆ ಸ್ವಲ್ಪ ನೀಟಾಗಿ ಇಟ್ಟುಕೊಳ್ಳಿ, ಅವರಿಗೆ ಕೂರಲು ಜಾಗ ಇರಲಿ. ಒಳ್ಳೆಯ ಮಾತಿಗೆ ಅವರೂ ಒಳ್ಳೆಯದನ್ನೇ ಬರೆಯುತ್ತಾರೆ.

ಇದರ ಜೊತೆ ಅಕ್ಕಿ ಮತ್ತು ಅತ್ತೆಗೆ ಗಜೇಂದ್ರಗಡದ ಒಂದು ಸೀರೆ ಕಳಿಸಿದ್ದೇನೆ. ಬೇಡ ಎನ್ನಬೇಡ.

ನಿನ್ನ ಸುವ್ವಿ

*

ಹೊಳೆಕುಂದೂರ
12 ಸೆಪ್ಟೆಂಬರ್ 2019

ಸುವರ್ಣಾ,

ಅಕ್ಕಿ ಉಂಡೆವು. ಹಸಿದವರು ಅಕ್ಕಿಯ ಮೇಲೆ ಸಿಟ್ಟು ಮಾಡುವುದಿಲ್ಲ. ಸೀರೆ ವಾಪಸು ಕಳಿಸಿದ್ದೇನೆ. ನೀರು ಇಳಿಯಿತು, ಮನೆಗೆ ಮರಳಿದ್ದೇವೆ.

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದ್ದೇ ನನ್ನ ತಪ್ಪು. ‘ನೀಟಾಗಿ ಇಟ್ಟುಕೊಳ್ಳಿ’ ಎಂಬ ಮಾತು ಕೇಳಿದ್ದೇ ತಡ, ಸೆರಗು ಬಿಗಿದಳು. “ಪರಊರ ಮಂದಿ ಬರತಾರಂದ್ರ ರಾಡಿಯೊಳಗ ನಿಲ್ಲಿಸೋದೇನ? ನಾವೇನ ಮನಿ-ಮಠ ಇಲ್ಲದವರೇನ?” ಎಂದಳು. ನಮ್ಮ ಓಣಿ ನಿನಗೆ ಗೊತ್ತಲ್ಲ. ಹಬ್ಬವಾಗಲಿ, ಬೀಗರಾಗಲಿ, ಮೊದಲು ಗೋಡೆ ಸಾರಿಸಬೇಕು, ಆಮೇಲೆ ಒಲೆ ಹೊತ್ತಿಸಬೇಕು. ಹೊಳೆ ತಂದು ಹಾಕಿದ ರಾಡಿಯನ್ನೇ ಬಾಚಿ, ಸಗಣಿ ಕಲಸಿ, ಬಿರುಕಿಗೆ ಮೆತ್ತಿದಳು. ನೀರು ನಿಂತ ಗುರುತು ಗೋಡೆಯಲ್ಲಿ ದೀಪ ಇಡುವ ಮಾಡದ ಮೇಲಿತ್ತು, ಕಂದು ಗೆರೆ. ಅದು ಕಣ್ಣಿಗೆ ಅಸಹ್ಯವೆಂದು ಅದರ ಮೇಲೆ ಸುಣ್ಣ ಎರಡು ಸಲ ಎಳೆದಳು. ಓಣಿಯ ಹೆಂಗಸರೆಲ್ಲ ಅವಳನ್ನು ನೋಡಿ ಸಾರಿಸಿದರು. ಲಕ್ಷ್ಮಪ್ಪನೊಬ್ಬ ಮೈಗಳ್ಳ, ಹೆಂಡತಿಯೂ ತವರಿಗೆ ಹೋಗಿದ್ದಳು, ಅವನ ಮನೆ ರಾಡಿಯಲ್ಲೇ ಉಳಿಯಿತು.

ಸಾಹೇಬರು ಬಂದರು. ಅತ್ತೆ ಕಪ್ಪು-ಬಸಿ ಕಡ ತಂದು ಚಹಾ ಕೊಟ್ಟಳು. ಅವರು ಒಳಗೆ ಬಾಗಿ ನೋಡಿ, “ಏ, ಭಾಳ ಚಲೋ ಇಟ್ಟೀರಲ್ಲವಾ ಮನೀನ! ಇಲ್ಲೇನ ಹಾನಿ ಆಗೇತಿ?” ಎಂದರು. ಅತ್ತೆ ನಕ್ಕಳು. ಫೋಟೋ ಹೊಡೆದುಕೊಂಡು ‘ಅಲ್ಪ ಹಾನಿ’ ಎಂದು ಬರೆದು ನಡೆದರು. ನಾನು ಹಿಂದೆ ಓಡಿದೆ. “ಸಾಹೇಬ್ರ, ಸುಣ್ಣದ ಹಿಂದ ಗೋಡಿ ಅಂಬಲಿ ಆಗೇತ್ರಿ, ಒಂದ್ ಬೆರಳ ಒತ್ತಿ ನೋಡ್ರಿ” ಎಂದೆ. “ಬೆರಳ ಒತ್ತಿದ್ದ ಬರಿಯಾಕ ಮೊಬೈಲ್ ಒಳಗ ಜಾಗಾ ಇಲ್ಲವಾ, ಫೋಟೋಕಷ್ಟ ಐತಿ” ಎಂದು ಜೀಪು ಹತ್ತಿದರು.

ಲಕ್ಷ್ಮಪ್ಪನಿಗೆ ‘ಭಾಗಶಃ ಹಾನಿ’ ಆಯಿತು. ಬಡವರ ಮನೆ ಹೊಲಸಿದ್ದರೆ ಮಾತ್ರ ಸರ್ಕಾರಕ್ಕೆ ಕಣ್ಣು ಕಾಣುತ್ತದೆ. ಕೈಯಲ್ಲಿ ಇಷ್ಟು ಮರ್ಯಾದೆ ಉಳಿಸಿಕೊಂಡರೆ, ಇವರಿಗೇನು ಕಡಿಮೆಯಾಗಿದೆ ಎನ್ನುತ್ತದೆ. ನಾಕು ದಿನ ಅತ್ತೆ ಓಣಿ ತುಂಬ ಹೇಳಿಕೊಂಡು ತಿರುಗಿದಳು: “ಸಾಹೇಬ ಚಲೋ ಅಂದ.” ಹೇಳಬಾರದೆಂದಿದ್ದೆ, ಕೊನೆಗೆ ಸಿಟ್ಟಿನಲ್ಲಿ ನಿನ್ನ ಸುಣ್ಣದಿಂದಲೇ ‘ಅಲ್ಪ ಹಾನಿ’ ಆಯಿತೆಂದು ಹೇಳಿಬಿಟ್ಟೆ. ಅಂದಿನಿಂದ ಅವಳು ಗೋಡೆಗೆ ಬೆನ್ನು ಮಾಡಿ ಕೂರುತ್ತಾಳೆ.

ಇನ್ನು ನಿನ್ನ ಕೆಲಸ. ನೀಟು ಎಂದವಳು ನೀನು. ಸಾಹೇಬರು ನಿಮ್ಮ ಮನೆಗೆ ಬರುವವರು. ಇನ್ನೊಮ್ಮೆ ಬಂದು ಗೋಡೆ ಮುಟ್ಟಿ ನೋಡಿ ಎಂದು ಅವರಿಗೆ ನೀನೇ ಹೇಳಬೇಕು. ಗಂಡನಿಗೆ ಹೇಳಿ ಹೇಳಿಸುವುದಲ್ಲ, ನೀನು. ಇನ್ನೊಂದು ಮಳೆಗೆ ಈ ಮನೆ ನಿಲ್ಲುವುದಿಲ್ಲ.

ಸೈರಾಬಾನು

*

ನರಗುಂದ
30 ಸೆಪ್ಟೆಂಬರ್ 2019

ಸೈರಾ,

ನಮ್ಮ ಮನೆಯವರಿಗೆ ಹೇಳಿದೆ. ಸರ್ವೆಯ ಪಟ್ಟಿ ಎಲ್ಲ ಮೇಲಿನ ಕಚೇರಿಗೆ ಹೋಗಿದೆಯಂತೆ, ದಸರೆ ಆದ ಮೇಲೆ ನೋಡೋಣ ಎಂದರು. ಹದಿನೈದರಂದು ಅಣ್ಣ ಏನೋ ಕಾರ್ಯಕ್ರಮಕ್ಕೆಂದು ರೋಣಕ್ಕೆ ಕರೆದಿದ್ದಾನೆ. ಅಲ್ಲಿ ಸಾಹೇಬರು ಸಿಕ್ಕರೆ ನೋಡುತ್ತೇನೆ. ಮನೆಯಲ್ಲಿ ಸುಣ್ಣ ಬಳಿಯುವವರು ಬಂದಿದ್ದಾರೆ, ಹೆಚ್ಚು ಬರೆಯಲು ಆಗುತ್ತಿಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳು.

ಸುವ್ವಿ

*

ಹೊಳೆಕುಂದೂರ
16 ಅಕ್ಟೋಬರ್ 2019

ಸುವರ್ಣಾ,

ನಿನ್ನ ಹಿಂದಿನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ನಿನ್ನೆ ರೋಣದಲ್ಲಿ ದೀಪ ಚೆನ್ನಾಗಿಯೇ ಬೆಳಗಿತು.

ನಮ್ಮನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಿದ್ದರು. ನೆರೆ ಸಂತ್ರಸ್ತರಿಗೆ ಮನೆ ಮಂಜೂರಾತಿ ಪತ್ರ ಕೊಡುತ್ತಾರೆ, ಸಂತ್ರಸ್ತರು ಎದುರಿಗೆ ಕಾಣಬೇಕು, ಮಂತ್ರಿಗಳು ಬರುತ್ತಾರೆ ಎಂದರು. ಮುಂದಿನ ಸಾಲಿನಲ್ಲಿ ಕೂರಿಸಿ, ಕೈ ತೋರಿಸಿದಾಗ ಚಪ್ಪಾಳೆ ತಟ್ಟಬೇಕೆಂದು ಹೇಳಿಕೊಟ್ಟರು. ವೇದಿಕೆಯ ಮೇಲೆ ಮಂತ್ರಿಗಳು ಒರಗಲು ಹಾಸಿದ ಗಾದಿ, ಲೋಡು ನಾನೇ ಹೊಲಿದದ್ದು, ನಿಮ್ಮ ಅಣ್ಣನ ಮನೆಯಿಂದ ತಂದದ್ದು. ನನ್ನ ಹೊಲಿಗೆ ನನಗೆ ಗುರುತು ಸಿಗುವುದಿಲ್ಲವೇ?

ಮೈಕಿನಲ್ಲಿ ಮೊದಲು ಕೂಗಿದರು: “ಸಂಪೂರ್ಣ ಮನೆ ಕಳೆದುಕೊಂಡ ಸಂತ್ರಸ್ತೆ, ಹೊಳೆಕುಂದೂರಿನ ಶ್ರೀಮತಿ ಸುವರ್ಣಾ.” ನಮ್ಮೂರಿನಲ್ಲಿ ಬೇರೆ ಯಾವ ಸುವರ್ಣಾ ಮನೆ ಕಳೆದುಕೊಂಡಳು ಎಂದು ನಾನು ಕತ್ತು ಚಾಚಿ ನೋಡಿದೆ. ಹಸಿರು ರೇಷ್ಮೆ ಸೀರೆ ಉಟ್ಟು ನೀನು ಮೆಟ್ಟಿಲು ಹತ್ತುತ್ತಿದ್ದೆ. ಮಂತ್ರಿಗಳು ಕೈಮುಗಿದರು. ನೀನೂ ಕೈಮುಗಿದೆ. ಫೋಟೋ ಹೊಡೆದರು.

ಅತ್ತೆ ಪಕ್ಕದಲ್ಲಿದ್ದಳು. “ನಮ್ಮ ಸುವ್ವಿ ಮನಿ ಯಾವಾಗ ಬಿತ್ತ? ಪಾಪ, ಹೇಳಲೇ ಇಲ್ಲ ಹುಡುಗಿ” ಎಂದಳು. ಅವಳಿಗೆ ನಿಜವಾಗಿಯೂ ಮರುಕ ಬಂತು. ಲಕ್ಷ್ಮಪ್ಪ ಬಿಡಿಸಿ ಹೇಳಿದ: “ಗೋದಾಮಿನ ಬಾಜೂಕ ಎಮ್ಮಿ ಕಟ್ಟೋ ಕೊಟ್ಟಿಗಿ ಐತೆಲ್ಲ, ಅದನ್ನ ಮನಿ ಅಂತ ಬರಿಸ್ಯಾರ. ಅವರಪ್ಪ ಅರಿಶಿಣ-ಕುಂಕುಮಕ್ಕಂತ ಮಗಳ ಹೆಸರಿಗೆ ಬರೆದಿದ್ದ ಜಾಗಾ.” ಆ ಕೊಟ್ಟಿಗೆಯನ್ನು ಯಾರೂ ಸಾರಿಸಿರಲಿಲ್ಲ. ಎಮ್ಮೆಗೆ ಬೀಗರು ಬರುವುದಿಲ್ಲ.

ಎಮ್ಮೆಯ ಮನೆ ಸಂಪೂರ್ಣ ಹಾನಿ, ಮಾಬೂಬಿಯ ಮನೆ ಅಲ್ಪ ಹಾನಿ. ಇದನ್ನು ಬರೆದ ಕೈ ಒಂದೇ. ಕೈ ತೋರಿಸಿದರು, ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅತ್ತೆ ತಟ್ಟಿದಳು, ನೀನು ಅವಳ ಕಣ್ಣೆದುರು ಬೆಳೆದವಳೆಂದು.

ಇನ್ನು ನಿನಗೆ ಕಾಗದ ಬರೆಯುವುದಿಲ್ಲ.

ಸೈರಾಬಾನು

*

ಹೊಳೆಕುಂದೂರ
25 ಅಕ್ಟೋಬರ್ 2019

ಸುವರ್ಣಾ,

ಬರೆಯುವುದಿಲ್ಲ ಎಂದಿದ್ದೆ. ಒಂದು ಸುದ್ದಿ ತಿಳಿಸಿಬಿಡುತ್ತೇನೆ.

ಮೂರು ದಿನ ಮಳೆ, ಹೊಳೆಯೂ ಮತ್ತೆ ಏರಿತು. ಮನೆಯ ಗೋಡೆ ಬಿತ್ತು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು, ಅದಕ್ಕೆ ಉಳಿದಳು. ಸುಣ್ಣದ ಪದರು ಮಾತ್ರ ಹಪ್ಪಳದ ಹಾಗೆ ಗಟ್ಟಿಯಿತ್ತು, ಒಳಗಿನದೆಲ್ಲ ಕೆಸರು. ಅರಳೆ ಅದರಡಿ ಹೋಯಿತು.

ಯಮನೂರಸಾಬ ಕಚೇರಿಗೆ ಹೋಗಿ ಬಂದ. ಅಲ್ಲಿ ಒಬ್ಬರು ಹೇಳಿದರಂತೆ: “ನಿಮ್ಮ ಮನಿ ಸೆಪ್ಟೆಂಬರದಾಗ ಚಲೋ ಇತ್ತು, ಫೋಟೋ ಐತಿ. ಈಗ ಬಿದ್ದದ್ದು ಈಗಿಂದು. ಇದಕ್ಕ ಹೊಸಾ ಆದೇಶ ಬರಬೇಕು.” ಶಾಲೆ ಶುರುವಾಗಿದೆ, ಕಾಳಜಿ ಕೇಂದ್ರದ ಬ್ಯಾನರು ಬಿಚ್ಚಿದ್ದಾರೆ. ನಾವು ಮಸೀದಿಯ ಹಿಂದೆ ತಗಡು ನಿಲ್ಲಿಸಿಕೊಂಡಿದ್ದೇವೆ.

ನಿನ್ನ ಮನೆಯ ಪಾಯ ತೋಡುತ್ತಿದ್ದಾರೆ. ಕಲ್ಲು ಒಳ್ಳೆಯದು ತರಿಸಿದ್ದಾರೆ.

ಸೈರಾಬಾನು

*

ನರಗುಂದ
18 ಜನವರಿ 2020

ಸೈರಾ,

ಎರಡು ಕಾಗದಕ್ಕೂ ಉತ್ತರ ಬರೆದು ಹರಿದೆ. ಪ್ರತಿ ಸಲವೂ ಅದರಲ್ಲಿ ‘ನಾನೇನು ಮಾಡಲಿ’ ಎಂಬ ಮಾತು ಬರುತ್ತಿತ್ತು. ಈಗ ಮಾಡಿ ಬಂದು ಬರೆಯುತ್ತಿದ್ದೇನೆ.

ಅಂದು ಮೈಕಿನಲ್ಲಿ ನನ್ನ ಹೆಸರು ಕೂಗುವವರೆಗೆ ನನಗೆ ಗೊತ್ತಿರಲಿಲ್ಲ. ನೀನು ನಂಬಬೇಕೆಂದು ಕೇಳುವುದಿಲ್ಲ. ಗೊತ್ತಾದ ಮೇಲೂ ಮೆಟ್ಟಿಲು ಹತ್ತಿದವಳು ನಾನೇ. ಮೇಲಿನಿಂದ ಅತ್ತೆ ಚಪ್ಪಾಳೆ ತಟ್ಟುವುದು ಕಾಣಿಸಿತು. ನೀನು ತಟ್ಟದೆ ಕೂತದ್ದೂ ಕಾಣಿಸಿತು.

ಸಂಕ್ರಮಣಕ್ಕೆ ಊರಿಗೆ ಹೋಗಿದ್ದೆ. ನನ್ನ ಹೆಸರಿಗೆ ಬಂದ ಆ ಮನೆ ಬಿಟ್ಟುಬಿಡು ಎಂದು ಅಣ್ಣನಿಗೆ ಹೇಳಿದೆ. ನಕ್ಕ. “ಹುಚ್ಚಿ, ನಾವು ಬಿಟ್ರ ಇನ್ನೊಬ್ಬ ತಿಂತಾನ. ಅವರಿಗೇನ, ಎರಡ ತಗಡ ಕೊಟ್ರ ಆತು, ಅವರಿಗೆ ರೂಢಿ ಐತಿ” ಎಂದ. ಸೈರಾ, ‘ಅವರಿಗೆ ರೂಢಿ ಇದೆ’ ಎಂಬ ಮಾತನ್ನು ನಾನೂ ಈ ಮನೆಯಲ್ಲಿ ಎಷ್ಟು ಸಲ ಆಡಿರಬೇಕು. ನನಗೆ ಅವನ ಮೇಲೆ ಬಂದ ಸಿಟ್ಟು ಅರ್ಧ ನನ್ನ ಮೇಲೂ ಬಂತು.

ಮರುದಿನ ಕಚೇರಿಗೆ ಹೋದೆ. ಆ ಕೊಟ್ಟಿಗೆಯಲ್ಲಿ ನಾನಾಗಲಿ ಮನುಷ್ಯರಾಗಲಿ ಎಂದೂ ವಾಸ ಮಾಡಿಲ್ಲ, ಎಮ್ಮೆ ಕಟ್ಟುತ್ತಿದ್ದರು, ನನಗೆ ಬಂದದ್ದನ್ನು ರದ್ದು ಮಾಡಿ ಎಂದು ಬರೆದುಕೊಟ್ಟೆ. ಗುಮಾಸ್ತ ಪೆನ್ನು ಕೆಳಗಿಟ್ಟು, “ಅಕ್ಕಾರ, ಬಂದದ್ದ ಬ್ಯಾಡ ಅನ್ನೋರ್ನ ನಾ ಇವತ್ತ ನೋಡಿದ್ದು. ಮನಿಯಾಗ ಜಗಳಾ ಏನ್ರಿ?” ಎಂದ. ಹಾಗಾದರೆ ಇದನ್ನು ಮಾಬೂಬಿಯವರಿಗೆ ಕೊಡಿ ಎಂದೆ. ಹಾಗೆ ಬರುವುದಿಲ್ಲವಂತೆ. ನನ್ನದು ರದ್ದಾದರೆ ಸರ್ಕಾರಕ್ಕೆ ವಾಪಸು, ನಿಮಗೇನೂ ಸಿಗುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಾವು ಸುಮ್ಮನೆ ಹೇಳುತ್ತಿದ್ದೆವು.

ನಾನು ಅಲ್ಲೇ ಕೂತೆ. ನನ್ನ ಮಾತು ಸುಳ್ಳೋ ನಿಜವೋ ನೋಡಲು ಊರಿಗೆ ಬರಲೇಬೇಕು, ಬಂದಾಗ ಕೆಳಗಿನ ಓಣಿಯನ್ನೂ ನೋಡಬೇಕು ಎಂದು ಸಾಹೇಬರಿಗೆ ಬರೆದುಕೊಟ್ಟೆ. ಬಾಯಿಂದಲೂ ಹೇಳಿದೆ. ಮನೆಯವರಿಂದ ಹೇಳಿಸಲಿಲ್ಲ.

ಅಣ್ಣ ಫೋನು ಮಾಡಿ, ಇನ್ನು ಪಂಚಮಿಗೆ ಕರೆಯಲು ಬರುವುದಿಲ್ಲ ಎಂದ. ಮನೆಯವರೂ, “ತವರಮನಿ ಬಾಗಿಲಾ ನೀನ ಹಾಕ್ಕೊಂಡಿ” ಎಂದರು. ಹಾಕಿಕೊಂಡೆ.

ಚೀಲದ ಮೇಲೆ ಕೂತು ಏನು ಯೋಚಿಸುತ್ತಿದ್ದೆ ಎಂದು ನೀನು ಕೇಳಿದ್ದೆ. ಸೀರೆಯ ನೆರಿಗೆ ಒದ್ದೆಯಾಗಬಾರದೆಂದು ಎತ್ತಿ ಹಿಡಿದಿದ್ದೆ. ಅದನ್ನೇ ಯೋಚಿಸುತ್ತಿದ್ದೆ.

ಸುವರ್ಣಾ

*

ಹೊಳೆಕುಂದೂರ
2 ಮಾರ್ಚ್ 2020

ಸುವ್ವಿ,

ಸಾಹೇಬರು ಬಂದಿದ್ದರು.

ಮೊದಲು ನಿನ್ನ ಎಮ್ಮೆಯ ಮನೆಗೆ ಹೋದರು. ಅದಕ್ಕೆ ಈಗ ಸಿಮೆಂಟಿನ ಗೋಡೆ ಎದೆಮಟ್ಟ ಎದ್ದಿದೆ. ನಿಮ್ಮ ಅಣ್ಣ ಖುರ್ಚಿ ಹಾಕಿಸಿ ಎಳನೀರು ಕೊಟ್ಟರು. “ತಂಗಿಗೆ ಮೈಯಾಗ ಆರಾಮಿಲ್ರಿ, ಏನೋ ಬರಕೊಟ್ಟಾಳ” ಎಂದರಂತೆ. ಹೀಗಾಗಿ ಈಗ ಊರಿನಲ್ಲಿ ನಿನಗೆ ಹುಚ್ಚಿ ಎಂದು ಹೆಸರು. ಸಿಟ್ಟಿಗೇಳಬೇಡ, ನನಗೆ ಆ ಹೆಸರು ಬಂದು ಬಹಳ ವರ್ಷವಾಯಿತು, ಇಬ್ಬರಾದೆವು.

ಆಮೇಲೆ ನಮ್ಮ ಓಣಿಗೆ ಬಂದರು. ನೀನು ಬರೆದುಕೊಟ್ಟಿದ್ದಕ್ಕೇ ಬಂದದ್ದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಬಿದ್ದ ಮಣ್ಣಿನ ಗುಡ್ಡೆಯ ಮುಂದೆ ನಿಂತು ಮೊಬೈಲು ತೆಗೆದರು. “ಗೋಡೀನ ಇಲ್ಲ. ನೀರ ಎಲ್ಲಿತನಕ ಬಂದಿತ್ತ ಅನ್ನಾಕ ಗುರುತ ಎಲ್ಲೈತಿ? ಹಳೇ ಫೋಟೋ ನೋಡ್ರಿ, ಎಷ್ಟ ಚಲೋ ಐತಿ” ಎಂದು ನಮಗೇ ತೋರಿಸಿದರು. ಬೆಳ್ಳನೆಯ ಗೋಡೆ. ಮೂಲೆಯಲ್ಲಿ ಅತ್ತೆ ಕಡ ತಂದ ಬಸಿ ಹಿಡಿದು ನಗುತ್ತಾ ನಿಂತಿದ್ದಾಳೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಗಡಿನ ಹಿಂದಿನಿಂದ ಬಂದಳು. ತಿಂಗಳುಗಟ್ಟಲೆ ಯಾರೊಂದಿಗೂ ಸರಿಯಾಗಿ ಮಾತಾಡದವಳು. ಸಾಹೇಬರ ಎದುರು ನಿಂತು ಸೆರಗು ಸರಿಸಿ, ಕುತ್ತಿಗೆಗೆ ಅಂಗೈ ಅಡ್ಡ ಇಟ್ಟಳು.

“ಇಲ್ಲಿತನಕ ಬಂದಿತ್ತರಿ” ಎಂದಳು. “ಗೋಡಿ ಸಾರಿಸಿದ್ದು ನನ್ನ ತಪ್ಪ. ಕುತ್ತಿಗಿ ಸಾರಿಸಿಲ್ಲರಿ ಸಾಹೇಬ್ರ. ಇದರ ಫೋಟೋ ಹೊಡಕೋರಿ.”

ಕೈ ಇಳಿಸಲಿಲ್ಲ. ಆಮೇಲೆ ಆಚೆ ಮನೆಯ ದುರಗೇಶನ ತಾಯಿ ಬಂದು ಎದೆಗೆ ಕೈ ಇಟ್ಟು ನಿಂತಳು. ಲಕ್ಷ್ಮಪ್ಪ ಉದ್ದ ಆಸಾಮಿ, ಹೊಟ್ಟೆಗೆ ಇಟ್ಟುಕೊಂಡ. ನಾನು ನನ್ನ ಭುಜಕ್ಕೆ ಇಟ್ಟುಕೊಂಡೆ. ಓಣಿ ತುಂಬ ಜನ ಹೀಗೆ ಕೈ ಅಡ್ಡ ಹಿಡಿದು ನಿಂತರೆ, ಸುವ್ವಿ, ನೀರು ಮತ್ತೆ ಬಂದು ನಿಂತ ಹಾಗೇ ಇತ್ತು. ಸಾಹೇಬರು ಮೊಬೈಲು ಜೇಬಿಗೆ ಇಟ್ಟರು. “ಮೈಮ್ಯಾಲಿನ ಗುರುತ ನಡಿಯೂದಿಲ್ಲವಾ. ಆತು, ಮ್ಯಾಲೆ ಕಳಸ್ತೇನಿ” ಎಂದರು. ಏನು ಕಳಿಸುತ್ತಾರೋ ಗೊತ್ತಿಲ್ಲ. ಫೋಟೋ ಹೊಡೆಯಲಿಲ್ಲ.

ಅವರ ಜೀಪು ಹೋದ ಮೇಲೂ ಅತ್ತೆ ಕೈ ಹಾಗೇ ಇತ್ತು. ನಾನೇ ಹಿಡಿದು ಇಳಿಸಿದೆ. ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಆಗಲಿ, ದವಡೆ ನಮ್ಮದೇ. ಮುಂದಿನ ವಾರ ಓಣಿಯವರೆಲ್ಲ ಕಚೇರಿಯ ಮುಂದೆ ಹೋಗಿ ಹೀಗೇ ನಿಲ್ಲುವುದೆಂದು ಮಾತಾಗಿದೆ. ಅತ್ತೆ ಮೊದಲಿಗೆ.

ನೀನು ಕಚೇರಿಗೆ ಹೋದದ್ದು ಸಣ್ಣ ಕೆಲಸವಲ್ಲ. ನೆರಿಗೆಯ ಮಾತು ಮುಚ್ಚದೆ ಬರೆದೆ, ಅದೂ ಸಣ್ಣದಲ್ಲ. ಆದರೆ ನನ್ನ ಸಿಟ್ಟು ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಬರೆಯಲಾರೆ. ಪಂಚಮಿಗೆ ಅಣ್ಣ ಕರೆಯಲು ಬರುವುದಿಲ್ಲವಲ್ಲ, ಯಮನೂರಸಾಬನನ್ನು ಕಳಿಸುತ್ತೇನೆ. ಬಾ. ಉಂಡಿ ಕಟ್ಟಿಕೊಂಡು ಬಾ. ತಗಡಿನ ಕೆಳಗೆ ಕೂರಲು ಜಾಗವಿದೆ, ನೀಟು ಮಾತ್ರ ಇರುವುದಿಲ್ಲ.

ಆಗ ಹೊಳೆ ಮತ್ತೆ ಬಂದರೆ, ಚೀಲದ ಮೇಲೆ ಅತ್ತೆಯನ್ನು ಹತ್ತಿಸಿ ನೀನು ನನ್ನ ಜೊತೆ ನೀರಿನಲ್ಲಿ ನಿಲ್ಲು. ಕುತ್ತಿಗೆಯವರೆಗೆ ಬಂದ ಮೇಲೆ ಮತ್ತೆ ಗೆಳತಿಯರಾಗೋಣ.

ಸೈರಾ